ಕೊಟ್ಟಿಗೆಯಿಂದ ಬಂದ ಮಾತ್ರೆ

ನಮ್ಮ ಹೊಸಪೇಟೆಯಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಈಗ ಅಪರೂಪವೇನಲ್ಲ. ಹೃದಯದ ಕವಾಟ ಬದಲಿಸಿಕೊಂಡವರು, ಎದೆಬಡಿತದ ಲಯ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಹೀಗೆ. ಸಂಡೂರು, ಕಂಪ್ಲಿಗಳಿಂದಲೂ ಜನ ಬಳ್ಳಾರಿಗೋ ಬೆಂಗಳೂರಿಗೋ ಹೋಗಿ ಚೀಟಿ ಬರೆಸಿಕೊಂಡು ಬರುತ್ತಾರೆ. ಊರಿಗೆ ಬಂದ ಮೇಲೆ ಉಪದೇಶ ಶುರು. "ಸುಸ್ತು ಅಂತೀರಿ, ಒಂದು ವಿಟಮಿನ್ ಗುಳಿಗಿ ತಗೊಳ್ರಿ" ಎಂದು ಒಬ್ಬರು. "ಸೊಪ್ಪು ಮುಟ್ಟಲೇಬ್ಯಾಡ್ರಿ" ಎಂದು ಇನ್ನೊಬ್ಬರು. ಈ ಎರಡು ಮಾತುಗಳನ್ನು ತೂಗಿ ನೋಡಬೇಕಾದರೆ ಆ ಮಾತ್ರೆಯ ಚರಿತ್ರೆ ಗೊತ್ತಿರಬೇಕು.

ಅದು ಶುರುವಾದದ್ದು ಆಸ್ಪತ್ರೆಯಲ್ಲಲ್ಲ, ದನದ ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗಗಳಲ್ಲಿ ದನಗಳು ಸಣ್ಣ ಗಾಯಕ್ಕೇ ರಕ್ತ ನಿಲ್ಲದೆ ಸಾಯತೊಡಗಿದವು. ತೇವ ತಗಲಿದ ಬಣವೆ ಬೂಷ್ಟು ಹಿಡಿಯುವುದು ನಮ್ಮ ರೈತರಿಗೆ ಹೊಸತಲ್ಲ. ಅಲ್ಲಿಯೂ ಹಾಗೆ ಕೆಟ್ಟ 'ಸ್ವೀಟ್ ಕ್ಲೋವರ್' ಎಂಬ ಮೇವೇ ಕಾರಣವೆಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿದರು. 1933ರ ಫೆಬ್ರುವರಿಯಲ್ಲಿ ಒಬ್ಬ ರೈತ ಹಿಮಗಾಳಿಯಲ್ಲೇ ಸತ್ತ ಕಡಸನ್ನೂ ಕೆಟ್ಟ ಮೇವನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ತಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಅವರ ಮುಂದಿಟ್ಟ. ಆರು ವರ್ಷ ದುಡಿದು, 1939ರಲ್ಲಿ ಲಿಂಕ್ ಅವರ ಬಳಗ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿತು.

ಅದೇ ಕಾಲಕ್ಕೆ ಡೆನ್ಮಾರ್ಕಿನಲ್ಲಿ ಹೆನ್ರಿಕ್ ಡ್ಯಾಮ್, ಕೋಳಿಮರಿಗಳಿಗೆ ಆಹಾರದಲ್ಲಿ ಏನೋ ಕಡಿಮೆಯಾದರೆ ರಕ್ತ ಸೋರುವುದನ್ನು ಕಂಡಿದ್ದರು. ಆ 'ಏನೋ' ಒಂದು ವಿಟಮಿನ್. ಹೆಪ್ಪುಗಟ್ಟುವುದಕ್ಕೆ ಅವರ ಭಾಷೆಯಲ್ಲಿರುವ ಪದದ ಮೊದಲಕ್ಷರದಿಂದ 1935ರಲ್ಲಿ ಅದಕ್ಕೆ ವಿಟಮಿನ್ 'ಕೆ' ಎಂದು ಹೆಸರಿಟ್ಟರು. ಮೇವಿನ ವಿಷಕ್ಕೆ ಈ ವಿಟಮಿನ್ನೇ ಮದ್ದೆಂಬುದೂ ಮುಂದೆ ತಿಳಿಯಿತು.

ಲಿಂಕ್ ಅವರ ಪ್ರಯೋಗಾಲಯದಲ್ಲೇ ಹುಟ್ಟಿದ ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. 1951ರಲ್ಲಿ ಅದನ್ನು ತಿಂದು ಸಾಯಹೊರಟ ಒಬ್ಬ ಅಮೆರಿಕನ್ ಸೈನಿಕ ವಿಟಮಿನ್ ಕೆ ಕೊಟ್ಟಾಗ ಬದುಕಿದ. 1954ರಲ್ಲಿ ಅದು ಮನುಷ್ಯರ ಔಷಧವಾಯಿತು. 1955ರಲ್ಲಿ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ಈ ಚರಿತ್ರೆಯಿಂದ ತಿಳಿಯುವುದಿಷ್ಟು: ಮಾತ್ರೆ ರಕ್ತವನ್ನು ನೀರು ಮಾಡುವುದಿಲ್ಲ. ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ತಯಾರಿಸಲು ವಿಟಮಿನ್ ಕೆ ಬೇಕು. ಆ ಕೆಲಸಕ್ಕೆ ಮಾತ್ರೆ ಅಡ್ಡ ನಿಲ್ಲುತ್ತದೆ. ಒಂದು ತಟ್ಟೆಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನಾವು ಉಣ್ಣುವ ವಿಟಮಿನ್ ಕೆ. 'ಐಎನ್ಆರ್' ಎಂಬ ರಕ್ತಪರೀಕ್ಷೆ ಈ ತಕ್ಕಡಿಯ ಮುಳ್ಳು. ಹೆಚ್ಚಿನವರಿಗೆ ಅದು 2ರಿಂದ 3ರೊಳಗಿರಬೇಕು. ಕೆಲವು ಕೃತಕ ಕವಾಟದವರಿಗೆ ತುಸು ಮೇಲೆ.

ಹಾಗೆಂದು ಸೊಪ್ಪು ಬಿಡಬೇಕಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ಪೇಟೆಯ ಹಣ್ಣು ತರಕಾರಿಯ ರಾಶಿ ಕಂಡು ಬೆರಗಾಗಿದ್ದ. ಅರಸರ ಕಾಲದ ಕಾಲುವೆಗಳು ಹಂಪಿಯ ಸುತ್ತ ಇಂದಿಗೂ ಹರಿಯುತ್ತಿವೆ. ಆ ನೀರಿನ ಸೀಮೆಯವರು ಮೆಂತ್ಯ, ಪಾಲಕ್, ನುಗ್ಗೆಸೊಪ್ಪು ತಿನ್ನಲಿ. ಆದರೆ ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಒಂದು ವಾರ ಬುಟ್ಟಿಗಟ್ಟಲೆ, ಮರುವಾರ ಸೊನ್ನೆ ಎಂದರೆ ಮುಳ್ಳು ಓಲಾಡುತ್ತದೆ.

ವಿಟಮಿನ್ ಗುಳಿಗೆಗಳ ಮಾತು ಬೇರೆ. ಹಲವು ಮಲ್ಟಿವಿಟಮಿನ್‌ಗಳಲ್ಲಿ ವಿಟಮಿನ್ ಕೆ ಇರುತ್ತದೆ. ನನ್ನ ವಯಸ್ಸಿನ ಹೆಂಗಸರು ಮೂಳೆಗೆಂದು ನುಂಗುವ ಕೆಲವು ಕ್ಯಾಲ್ಸಿಯಂ ಮಾತ್ರೆಗಳಲ್ಲಿ 'ಕೆ2' ಎಂಬ ಹೆಸರಿನಲ್ಲಿ ಅದೇ ಕೂತಿರುತ್ತದೆ. ಅದರಿಂದ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಬಲ ಕುಂದಿ, ಕವಾಟದ ಮೇಲೆ ಹೆಪ್ಪುಗಟ್ಟಬಹುದು. ವಿಟಮಿನ್ ಇ, ಮೀನೆಣ್ಣೆ, ಅರಿಶಿನದ ಸಾರದ ಗುಳಿಗೆಗಳು ದೊಡ್ಡ ಪ್ರಮಾಣದಲ್ಲಾದರೆ ರಕ್ತಸ್ರಾವದ ಅಪಾಯವನ್ನೇ ಹೆಚ್ಚಿಸಬಲ್ಲವು. ಬಿ ಕಾಂಪ್ಲೆಕ್ಸ್ ಮಾಮೂಲಿ ಪ್ರಮಾಣದಲ್ಲಿ ತೊಂದರೆ ಮಾಡುವುದು ಕಡಿಮೆ. ಆದರೆ 'ಶಕ್ತಿಗೆ' ಎಂದು ಸ್ನಾಯುವಿಗೆ ಚುಚ್ಚುವ ಸೂಜಿಯಿಂದ ಒಳಗೇ ರಕ್ತ ಸೋರಿ ಗಡ್ಡೆಕಟ್ಟಬಹುದು. ಎಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ವಿಟಮಿನ್ ಕೆ ಅಡ್ಡಬರದು. ಆದರೂ ರಕ್ತಸ್ರಾವದ ಎಚ್ಚರಿಕೆ ಅವಕ್ಕೂ ಉಂಟು.

ಆದ್ದರಿಂದ ಮೊದಲು ನಿಮ್ಮ ಮಾತ್ರೆಯ ಹೆಸರು ತಿಳಿದುಕೊಳ್ಳಿ. ಯಾವ ವಿಟಮಿನ್ ಹಿಡಿಯುವ ಮೊದಲೂ ಅದರ ಡಬ್ಬಿಯನ್ನೇ ವೈದ್ಯರಿಗೆ ತೋರಿಸಿ. ಬಿಡುವಾಗಲೂ ಹೇಳಿ, ಮತ್ತೆ ಐಎನ್ಆರ್ ಯಾವಾಗೆಂದು ಕೇಳಿ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಕೆಂಪು ಮೂತ್ರ, ತಟ್ಟನೆ ಬಂದ ತೀವ್ರ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೆದರಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಇಲಿಯನ್ನು ಕೊಲ್ಲುವ ವಸ್ತು ಮನುಷ್ಯನನ್ನು ಕಾಯುವಂತಾದದ್ದು ಅಳತೆಯಿಂದ. ಆ ಅಳತೆ ಕೆಡದಂತೆ ನೋಡಿಕೊಳ್ಳುವ ಪಾಲು ನಮ್ಮದೂ ಇದೆ.