ಒಂದು ಕೊಟೇಷನ್ ಚೀಟಿಯ ಚರಿತ್ರೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಂಡವರಿಗೆಲ್ಲ ಆ ಚೀಟಿಯ ಪರಿಚಯ ಇದ್ದೇ ಇರುತ್ತದೆ. ಅಂಗಡಿಯವರು ಮೊದಲು ಕೇಳುವ ಪ್ರಶ್ನೆ "ಬಜೆಟ್ ಎಷ್ಟು ಸಾರ್?" ಆಮೇಲೆ ಒಂದು ಹಾಳೆ ಎಳೆದುಕೊಂಡು ಸರಸರ ಬರೆಯುತ್ತಾರೆ: ಪ್ರೊಸೆಸರ್ ಇಷ್ಟು, ಮದರ್‌ಬೋರ್ಡ್ ಇಷ್ಟು, ರ‍್ಯಾಮ್ ಇಷ್ಟು, ಹಾರ್ಡ್ ಡಿಸ್ಕ್ ಇಷ್ಟು, ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್ ಸೇರಿ ಇಷ್ಟು. ಕೆಳಗೊಂದು ಗೆರೆ, ಒಟ್ಟು ಮೊತ್ತ. ಅದನ್ನು ನೋಡಿ ನಮ್ಮ ಮುಖ ಸಣ್ಣದಾದ ಕೂಡಲೇ ಒಂದು ಸಾಲನ್ನು ಹೊಡೆದು, ಪಕ್ಕದಲ್ಲಿ ಅಗ್ಗದ್ದೊಂದನ್ನು ಬರೆಯುತ್ತಾರೆ. ಚೆನ್ನೈನ ರಿಚಿ ಸ್ಟ್ರೀಟ್, ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್... ಎಲ್ಲ ಕಡೆಯೂ ಇದೇ ಕಥೆ.

ಯಾವತ್ತಾದರೂ ಯೋಚಿಸಿದ್ದೀರಾ? ಟಿವಿ ಕೊಳ್ಳುವಾಗ ಯಾರೂ ಇಂಥ ಚೀಟಿ ಬರೆದುಕೊಡುವುದಿಲ್ಲ. ಪರದೆ ಈ ಕಂಪನಿಯದು ಹಾಕಿ, ಒಳಗಿನ ಬೋರ್ಡ್ ಆ ಕಂಪನಿಯದು ಹಾಕಿ ಅಂತ ಕೇಳಲು ಬರುವುದಿಲ್ಲ. ಫ್ರಿಜ್ಜಿಗೂ ಇಲ್ಲ, ಸ್ಕೂಟರಿಗೂ ಇಲ್ಲ. ಹಾಗಿದ್ದರೆ ಕಂಪ್ಯೂಟರಿಗೆ ಮಾತ್ರ ಈ ಅನುಕೂಲ ಹೇಗೆ ಬಂತು? ಯಾವ ಕಂಪನಿಯೂ ಗಿರಾಕಿಯ ಮೇಲಿನ ಪ್ರೀತಿಯಿಂದ ಕೊಟ್ಟದ್ದಲ್ಲ ಅನ್ನುವುದು ಮಾತ್ರ ಖಂಡಿತ. ಆ ಕಥೆ ಗೊತ್ತಿದ್ದರೆ ಹಣವನ್ನು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಅನ್ನುವುದೂ ತಾನಾಗಿ ಹೊಳೆಯುತ್ತದೆ. ಹಾಗಾಗಿ ಆ ಚೀಟಿಯನ್ನೇ ಒಂದೊಂದು ಸಾಲಾಗಿ ಓದೋಣ ಬನ್ನಿ.

ಮೊದಲು ಚೀಟಿ ಹುಟ್ಟಿದ ಕಥೆ. ಐಬಿಎಂ ದೊಡ್ಡ ದೊಡ್ಡ ಗಣಕಯಂತ್ರಗಳ ಕಂಪನಿ, ಬಹುಪಾಲು ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಅಭ್ಯಾಸ ಅದಕ್ಕೆ. ಆದರೆ ಸಣ್ಣ ಕಂಪ್ಯೂಟರುಗಳ ಮಾರುಕಟ್ಟೆ ಕೈತಪ್ಪುತ್ತಿದೆ ಅನ್ನಿಸಿದಾಗ ಅದಕ್ಕೆ ಆತುರ ಹತ್ತಿತು. ಫ್ಲಾರಿಡಾದ ಬೋಕಾ ರಟಾನ್ ಊರಿನಲ್ಲಿ ಡಾನ್ ಎಸ್ಟ್ರಿಜ್ ಎಂಬುವರ ಮುಂದಾಳ್ತನದಲ್ಲಿ ಒಂದು ಸಣ್ಣ ತಂಡ ಕಟ್ಟಿ, ಸುಮಾರು ಒಂದು ವರ್ಷದ ಗಡುವು ಕೊಟ್ಟರು. ಅಷ್ಟರಲ್ಲಿ ಎಲ್ಲವನ್ನೂ ಸ್ವಂತ ತಯಾರಿಸುವುದು ಆಗದ ಮಾತು. ಹಾಗಾಗಿ ಪೇಟೆಯಲ್ಲಿ ಸಿಗುವುದನ್ನೇ ತಂದು ಜೋಡಿಸಿದರು. ಪ್ರೊಸೆಸರ್ ಇಂಟೆಲ್‌ನಿಂದ, ಡಾಸ್ ಮೈಕ್ರೋಸಾಫ್ಟ್‌ನಿಂದ, ಫ್ಲಾಪಿ ಡ್ರೈವ್ ಭಾರತ ಮೂಲದ ಟಂಡನ್ ಎಂಬುವರು ಕಟ್ಟಿದ ಕಂಪನಿಯಿಂದ. ಅಂದರೆ ಮೊದಲ ಐಬಿಎಂ ಪಿಸಿಯೇ ಒಂದು ಅಸೆಂಬಲ್ಡ್ ಕಂಪ್ಯೂಟರ್!

1981ರ ಆಗಸ್ಟ್ 12ರಂದು ಅದು ಹೊರಬಂತು. ಆರಂಭದ ಬೆಲೆ 1,565 ಡಾಲರ್. ಆ ಬೆಲೆಗೆ ಸಿಗುತ್ತಿದ್ದದ್ದು 16 ಕೆಬಿ ಮೆಮೊರಿ, ಫ್ಲಾಪಿ ಡ್ರೈವ್ ಬೇಕೆಂದರೆ ಬೇರೆ ದುಡ್ಡು. ಆದರೆ ಒಳಗೆ ಐದು ಸ್ಲಾಟ್‌ಗಳಿದ್ದವು. ಬೇರೆಯವರೂ ಕಾರ್ಡುಗಳನ್ನು ತಯಾರಿಸಲಿ ಅಂತ ಸರ್ಕ್ಯೂಟಿನ ನಕ್ಷೆಗಳನ್ನೂ ಬಯಾಸ್‌ನ ಪೂರ್ತಿ ಬರಹವನ್ನೂ ಐಬಿಎಂ ಪುಸ್ತಕ ಮಾಡಿ ಮಾರಿತು. ಬಯಾಸ್ ಅಂದರೆ ಸ್ವಿಚ್ ಒತ್ತಿದ ಕೂಡಲೇ ತಾನು ಮೊದಲು ಎದ್ದು, ಉಳಿದ ಭಾಗಗಳನ್ನೆಲ್ಲ ಎಬ್ಬಿಸುವ ತಂತ್ರಾಂಶ. ಐಬಿಎಂ ಹಕ್ಕು ಉಳಿಸಿಕೊಂಡಿದ್ದ ಮುಖ್ಯ ಭಾಗ ಇದೊಂದೇ. ಓದಬಹುದು, ನಕಲು ಮಾಡುವಂತಿಲ್ಲ.

ಕಾಂಪ್ಯಾಕ್ ಕಂಪನಿ ಇದಕ್ಕೊಂದು ಉಪಾಯ ಹುಡುಕಿತು. ಒಂದು ಗುಂಪು ಐಬಿಎಂನ ಬಯಾಸ್ ಏನೇನು ಕೆಲಸ ಮಾಡುತ್ತದೆ ಅಂತ ಮಾತ್ರ ಬರೆದುಕೊಟ್ಟಿತು. ಮೂಲವನ್ನು ಕಣ್ಣಲ್ಲಿ ಕಂಡೇ ಇರದ ಇನ್ನೊಂದು ಗುಂಪು ಆ ವಿವರಣೆ ಇಟ್ಟುಕೊಂಡು ಹೊಸದಾಗಿ ಬರೆಯಿತು. ಕೆಲಸ ಅದೇ, ಬರಹ ಬೇರೆ! 1982ರ ನವೆಂಬರಿನಲ್ಲಿ ಕಾಂಪ್ಯಾಕ್ ಪೋರ್ಟಬಲ್ ಪ್ರಕಟವಾಯಿತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ದಾರಿಯಲ್ಲಿ ಬರೆಸಿದ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಬಾಗಿಲು ಪೂರ್ತಿ ತೆರೆದಂತಾಯಿತು. 1987ರಲ್ಲಿ ಐಬಿಎಂ ಪಿಎಸ್/2 ಎಂಬ ಹೊಸ ಸಾಲಿನ ಯಂತ್ರಗಳಿಗೆ ತನ್ನದೇ ಹಕ್ಕಿನ ಸ್ಲಾಟ್ ಹಾಕಿ ಬಾಗಿಲು ಮುಚ್ಚಲು ನೋಡಿತು. ಮರುವರ್ಷವೇ ಒಂಬತ್ತು ಕಂಪನಿಗಳು ಒಟ್ಟಾಗಿ ಹಳೆಯ ಕಾರ್ಡುಗಳಿಗೂ ಹೊಂದುವ ಬೇರೆ ಸ್ಲಾಟ್ ಪ್ರಕಟಿಸಿದವು. ಮಾರುಕಟ್ಟೆ ಐಬಿಎಂ ಹಿಂದೆ ಹೋಗಲಿಲ್ಲ.

ಈಗ ಚೀಟಿಯ ಮೊದಲ ಸಾಲು, ಪ್ರೊಸೆಸರ್. ಇಂಟೆಲ್ ಅಥವಾ ಎಎಂಡಿ ಅಂತ ಇವತ್ತು ಎರಡು ಹೆಸರು ಇರುವುದಕ್ಕೂ ಐಬಿಎಂನ ಹಟವೇ ಕಾರಣ. ಒಬ್ಬರನ್ನೇ ನಂಬಿ ಕೂರುವುದಿಲ್ಲ, ಇದೇ ಚಿಪ್ಪನ್ನು ಇನ್ನೊಬ್ಬರೂ ತಯಾರಿಸಬೇಕು ಅಂತ ಅದು ಪಟ್ಟು ಹಿಡಿದಿತ್ತು. 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಕರಾರು ಮಾಡಿಕೊಂಡವು. 386 ಚಿಪ್ಪಿನ ಹೊತ್ತಿಗೆ ಇಂಟೆಲ್ ಕೊಡುವುದಿಲ್ಲ ಅಂದಿತು. 1987ರಲ್ಲಿ ಶುರುವಾದ ವ್ಯಾಜ್ಯ 1995ರ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ, 1991ರಲ್ಲೇ ಎಎಂಡಿ ತನ್ನದೇ 386 ಬಿಟ್ಟು ಬೆಲೆ ಇಳಿಯುವಂತೆ ಮಾಡಿತ್ತು.

1997ರಲ್ಲಿ ಬಂದ ಎಎಂಡಿಯ ಕೆ6 ಕೂಡ ಪೆಂಟಿಯಂ ಕೂರುವ ಸಾಕೆಟ್ಟಿನಲ್ಲೇ ಕೂರುತ್ತಿತ್ತು. ಬೋರ್ಡ್ ಅದೇ, ಚಿಪ್ ಮಾತ್ರ ಅಗ್ಗ. ಆ ವರ್ಷ ಬಂದ ಪೆಂಟಿಯಂ 2 ಸಾಕೆಟ್ ಬಿಟ್ಟು ತನ್ನದೇ ಸ್ಲಾಟ್ ತಂದಿತು. ಎಎಂಡಿ 1999ರಲ್ಲಿ ಆಥ್ಲಾನ್‌ಗೆ ಬೇರೆ ಸ್ಲಾಟ್ ಮಾಡಿಕೊಂಡಿತು. ಅವತ್ತಿನಿಂದ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಗಂಡ ಹೆಂಡಿರ ಹಾಗೆ, ಜೊತೆಯಾಗಿಯೇ ಆರಿಸಬೇಕು.

ಅಗ್ಗದ ಪ್ರೊಸೆಸರಿನಲ್ಲೂ ಎರಡು ಜಾತಿ. 1998ರ ಏಪ್ರಿಲಿನಲ್ಲಿ ಬಂದ ಮೊದಲ ಸೆಲೆರಾನ್‌ನಲ್ಲಿ ಎರಡನೇ ಹಂತದ ಕ್ಯಾಶ್ ಮೆಮೊರಿಯನ್ನೇ ತೆಗೆದುಹಾಕಿದ್ದರು. ಅದು ಆಮೆ. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಸೆಲೆರಾನ್ 300ಎಯಲ್ಲಿ ಕ್ಯಾಶ್ ಬರೀ 128 ಕೆಬಿ, ಆದರೆ ಚಿಪ್ಪಿನ ಒಳಗೇ, ಅದರ ಪೂರ್ತಿ ವೇಗದಲ್ಲಿ. ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿ, 300 ಮೆಗಾಹರ್ಟ್ಸಿನ ಆ ಚಿಪ್ಪನ್ನು 450ರಲ್ಲಿ ಓಡಿಸಿದವರು ಲೆಕ್ಕವಿಲ್ಲ. ಹೆಸರು ಎರಡಕ್ಕೂ ಸೆಲೆರಾನ್! ಚೀಟಿಯಲ್ಲಿ ಹೆಸರು ಮಾತ್ರ ಬರೆದಿದ್ದರೆ ಸಾಲದು, ಪೂರ್ತಿ ಮಾಡೆಲ್ ಸಂಖ್ಯೆ ಬರೆಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಎರಡನೇ ಸಾಲು ಮದರ್‌ಬೋರ್ಡ್. 1999ರಲ್ಲಿ ಇಂಟೆಲ್ 810 ಎಂಬ ಚಿಪ್‌ಸೆಟ್ ಬಂತು. ಗ್ರಾಫಿಕ್ಸ್ ಅದರೊಳಗೇ ಇತ್ತು, ಬೇರೆ ಕಾರ್ಡ್ ಕೊಳ್ಳುವ ಖರ್ಚು ಉಳಿಯಿತು. ಆದರೆ ಮುಂದೆ ಒಳ್ಳೆಯ ಕಾರ್ಡ್ ಹಾಕೋಣ ಅಂದರೆ ಎಜಿಪಿ ಸ್ಲಾಟೇ ಇಲ್ಲ! ಮರುವರ್ಷ ಬಂದ 815ರಲ್ಲಿ ಗ್ರಾಫಿಕ್ಸೂ ಇತ್ತು, ಸ್ಲಾಟೂ ಇತ್ತು. ಇವೆರಡರ ಬೆಲೆಯ ವ್ಯತ್ಯಾಸ ಇದೆಯಲ್ಲ, ಅದು ಮುಂದಿನ ದಾರಿಯನ್ನು ತೆರೆದಿಟ್ಟುಕೊಳ್ಳಲು ಕೊಡುವ ಹಣ. ಚೀಟಿಯಲ್ಲಿ ಹಾಗಂತ ಯಾರೂ ಬರೆಯುವುದಿಲ್ಲ.

ಮೂರನೇ ಸಾಲು ರ‍್ಯಾಮ್. ಬೆಲೆಯ ವಿಷಯದಲ್ಲಿ ಇದರಷ್ಟು ಚಂಚಲವಾದದ್ದು ಇನ್ನೊಂದಿಲ್ಲ. 1993ರ ಜುಲೈನಲ್ಲಿ ಜಪಾನಿನ ನೀಹಾಮಾ ಊರಿನ ಸುಮಿಟೊಮೊ ಕಾರ್ಖಾನೆಯಲ್ಲಿ ಸ್ಫೋಟವಾಗಿ ಬೆಂಕಿ ಬಿತ್ತು. ಚಿಪ್ಪಿನ ಮೈಗೆ ಹಾಕುವ ಅಂಟು ಅಲ್ಲಿ ತಯಾರಾಗುತ್ತಿತ್ತು, ಜಗತ್ತಿಗೆ ಬೇಕಾದುದರ ಅರ್ಧಕ್ಕಿಂತ ಹೆಚ್ಚು. ಮೆಮೊರಿ ಬೆಲೆ ಜಿಗಿಯಿತು. 1999ರ ಸೆಪ್ಟೆಂಬರ್ 21ರಂದು ತೈವಾನಿನಲ್ಲಿ ಭೂಕಂಪ, ಮತ್ತೆ ಜಿಗಿಯಿತು. ಇವು ದೈವದ ಆಟವಾದರೆ ಇನ್ನೊಂದು ಮನುಷ್ಯರದೇ ಆಟ. ಮೆಮೊರಿ ತಯಾರಕರು ಒಳಗೊಳಗೇ ಮಾತಾಡಿಕೊಂಡು ಬೆಲೆ ನಿಗದಿ ಮಾಡಿದ್ದನ್ನು ಅಮೆರಿಕದ ಸರ್ಕಾರ ಹಿಡಿಯಿತು. ತಪ್ಪೊಪ್ಪಿಕೊಂಡು ಇನ್ಫಿನಿಯನ್ 2004ರಲ್ಲಿ 16 ಕೋಟಿ ಡಾಲರ್, 2005ರಲ್ಲಿ ಹೈನಿಕ್ಸ್ 18.5 ಕೋಟಿ ಮತ್ತು ಸ್ಯಾಮ್‌ಸಂಗ್ 30 ಕೋಟಿ ಡಾಲರ್ ದಂಡಕ್ಕೆ ಒಪ್ಪಿದವು. "ಇವತ್ತು ರೇಟ್ ಜಾಸ್ತಿ ಸಾರ್" ಅಂತ ಅಂಗಡಿಯವರು ಅಂದಾಗ ಅವರನ್ನೇ ಅನುಮಾನಿಸುತ್ತೇವೆ. ಪಾಪ, ಕಾರಣ ಸಾವಿರಾರು ಮೈಲಿ ಆಚೆ ಇರುತ್ತಿತ್ತು.

ನಮ್ಮ ಕನ್ನಡಕ್ಕೂ ಈ ಸಾಲಿಗೂ ಒಂದು ನಂಟಿದೆ. ವಿಂಡೋಸ್ 98ರಲ್ಲಿ ಬರಹದಂಥ ತಂತ್ರಾಂಶ ಹಾಕಿಕೊಂಡು ಕನ್ನಡ ಬರೆಯುತ್ತಿದ್ದೆವು ನಿಜ. ಆದರೆ ಕನ್ನಡ ಯೂನಿಕೋಡ್ ಅಕ್ಷರಗಳು, ಒತ್ತಕ್ಷರಗಳೂ ಸೇರಿ, ತುಂಗಾ ಎಂಬ ಫಾಂಟಿನ ಜೊತೆ ವಿಂಡೋಸ್‌ನಲ್ಲೇ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೆ ಕನಿಷ್ಠ 64 ಎಂಬಿ, ನೆಮ್ಮದಿಯಾಗಿ ಓಡಲು 128 ಎಂಬಿ ರ‍್ಯಾಮ್ ಬೇಕು ಅಂತ ಮೈಕ್ರೋಸಾಫ್ಟೇ ಹೇಳಿತ್ತು. 32 ಎಂಬಿಯಲ್ಲಿ ಬದುಕುತ್ತಿದ್ದ ಹಳೆಯ ಯಂತ್ರಕ್ಕೆ ಒಂದು ರ‍್ಯಾಮ್ ಸ್ಟಿಕ್ ಸೇರಿಸಿದರೆ ಅದು ಕನ್ನಡ ಓದುವ ಯಂತ್ರವಾಗುತ್ತಿತ್ತು. ಖಾಲಿ ಸ್ಲಾಟಿನ ಬೆಲೆ ಅಂದರೆ ಇದು!

ನಾಲ್ಕನೇ ಸಾಲು ಹಾರ್ಡ್ ಡಿಸ್ಕ್. 2011ರಲ್ಲಿ ಥಾಯ್ಲೆಂಡಿನಲ್ಲಿ ಭಾರಿ ಪ್ರವಾಹ ಬಂದು ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಗೂ ಡಿಸ್ಕಿನ ಬಿಡಿಭಾಗ ಮಾಡುವ ಕಾರ್ಖಾನೆಗಳಿಗೂ ನೀರು ನುಗ್ಗಿತು. ಕೆಲವೇ ವಾರಗಳಲ್ಲಿ ಡಿಸ್ಕಿನ ಬೆಲೆ ಗಗನಕ್ಕೇರಿತು. ಹಳೆಯ ಯಂತ್ರದ ಡಿಸ್ಕನ್ನೇ ಬಿಚ್ಚಿ ಹೊಸದಕ್ಕೆ ಹಾಕಿಕೊಂಡವರು ಆ ಖರ್ಚನ್ನು ಮುಂದೂಡಿದರು. ಬಿಚ್ಚಲು ಬರುತ್ತಿತ್ತಲ್ಲ, ಅದಕ್ಕೇ.

ಕೊನೆಯ ಸಾಲನ್ನು ಯಾರೂ ಸರಿಯಾಗಿ ಓದುವುದಿಲ್ಲ: ಕ್ಯಾಬಿನೆಟ್ ಜೊತೆಗೆ ಬರುವ ಎಸ್‌ಎಂಪಿಎಸ್. ಹಳೆಯ ಎಟಿ ಮಾದರಿಯಲ್ಲಿ ಮದರ್‌ಬೋರ್ಡಿಗೆ ಕರೆಂಟು ಕೊಡುವ ಪ್ಲಗ್ಗುಗಳು ಎರಡು, ನೋಡಲು ಒಂದೇ ಥರ. ಅದಲು ಬದಲಾದರೆ ಬೋರ್ಡ್ ಸುಡಬಹುದು. "ಕಪ್ಪು ವೈರು ಕಪ್ಪು ವೈರಿನ ಪಕ್ಕ" ಅನ್ನುವುದು ಆ ಕಾಲದ ಮೆಕ್ಯಾನಿಕ್ಕುಗಳ ಮಂತ್ರ. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾದರಿಯಲ್ಲಿ ಒಂದೇ ಪ್ಲಗ್, ತಿರುಗಿಸಿ ಹಾಕಲು ಬರುವುದಿಲ್ಲ. ಸ್ಕ್ರೂ ಎಲ್ಲಿ ಬರಬೇಕು, ಬೋರ್ಡ್ ಎಷ್ಟು ಅಗಲ ಇರಬೇಕು ಎಲ್ಲ ನಿಗದಿಯಾಯಿತು. ಅವತ್ತಿನ ಕ್ಯಾಬಿನೆಟ್ಟಿನಲ್ಲಿ ಇವತ್ತಿನ ಬೋರ್ಡನ್ನೂ ಕೂರಿಸಬಹುದು.

ಆದರೆ ಅಗ್ಗದ ಎಸ್‌ಎಂಪಿಎಸ್ ಮೇಲೆ ಬರೆದ ವ್ಯಾಟ್ ಒಂದು, ಒಳಗಿಂದ ಬರುವುದು ಇನ್ನೊಂದು. ಅದರ ಜೊತೆಗೆ 1999ರಿಂದ ಕೆಲವು ವರ್ಷ ಜಗತ್ತಿನ ತುಂಬ ಕಳಪೆ ಕೆಪಾಸಿಟರುಗಳ ಪಿಡುಗು. 2003ರಲ್ಲಿ ನನ್ನ ತಮ್ಮನಿಗೆ ಜೋಡಿಸಿಕೊಟ್ಟ ಯಂತ್ರ ಮೂರು ವರ್ಷಕ್ಕೆ ತಾನಾಗಿ ಆರಿಹೋಗತೊಡಗಿತು. ಮುಚ್ಚಳ ತೆಗೆದರೆ ಬೋರ್ಡಿನ ಮೇಲೆ ಐದಾರು ಕೆಪಾಸಿಟರುಗಳ ತಲೆ ಪೂರಿಯಂತೆ ಉಬ್ಬಿತ್ತು! ನಮ್ಮೂರಿನ ರೇಡಿಯೋ ರಿಪೇರಿಯವರೊಬ್ಬರು ಅವನ್ನು ಕಿತ್ತು ಬೇರೆ ಬೆಸೆದುಕೊಟ್ಟರು. ಹೊಸ ಬೋರ್ಡಿನ ಬೆಲೆಯ ಮುಂದೆ ಆ ಖರ್ಚು ಏನೇನೂ ಅಲ್ಲ. ಅದೇ ಯಂತ್ರದಲ್ಲಿ ತಮ್ಮ ಡಿಗ್ರಿ ಮುಗಿಸಿದ.

ನಮ್ಮ ದೇಶದ ಪಾಲೂ ಈ ಚರಿತ್ರೆಯಲ್ಲಿದೆ. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿತು. ಒಪ್ಪಂದದಲ್ಲಿದ್ದ ವಸ್ತುಗಳ ಆಮದು ಸುಂಕ ಹಂತ ಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಯಾಯಿತು. ಮೇಷ್ಟರ ಮನೆಗೂ ಗುಮಾಸ್ತರ ಮನೆಗೂ ಕಂಪ್ಯೂಟರ್ ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ಇಷ್ಟೆಲ್ಲ ಹಳೆಯ ಕಥೆ ಈಗ ಯಾಕೆ? ಆ ಬಾಗಿಲು ಮತ್ತೆ ಮುಚ್ಚುತ್ತಿದೆ, ಅದಕ್ಕೆ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋದಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದರು. ಈಗ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಅದು ಮಾಮೂಲು. ಕೊಳ್ಳುವ ದಿನ ಎಷ್ಟು ಹಾಕಿಸಿಕೊಂಡಿರೋ ಕೊನೆಯವರೆಗೂ ಅಷ್ಟೇ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿಯನ್ನು ಬಾಚಿಕೊಳ್ಳತೊಡಗಿ ಬೆಲೆ ಮತ್ತೆ ಜಿಗಿಯಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಇಂಥ ಹೊತ್ತಿನಲ್ಲಿ ಖಾಲಿ ಸ್ಲಾಟ್ ಇದ್ದವರು ಬೆಲೆ ಇಳಿಯುವವರೆಗೆ ಕಾಯಬಹುದು. ಬೆಸೆದ ಯಂತ್ರ ಕೊಳ್ಳುವವರಿಗೆ ಆ ಅವಕಾಶ ಇಲ್ಲ.

ಆದ್ದರಿಂದ ಕಡಿಮೆ ಹಣದಲ್ಲಿ ಜೋಡಿಸುವವರಿಗೆ ನನ್ನ ಮಾತು ಇಷ್ಟೇ. ಮುಂದೆ ಬದಲಾಯಿಸಬಹುದಾದ ಭಾಗಗಳಲ್ಲಿ ಧಾರಾಳವಾಗಿ ಉಳಿಸಿ. ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದಿರಲಿ. ರ‍್ಯಾಮ್ ಒಂದೇ ಸ್ಟಿಕ್ ಇರಲಿ, ವೇಗ ತುಸು ತಗ್ಗುತ್ತದೆ, ಮುಂದೆ ಇನ್ನೊಂದು ಸೇರಿಸಿದರಾಯಿತು. ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ. ಆದರೆ ಉಳಿದೆಲ್ಲವನ್ನೂ ಹೊತ್ತು ನಿಲ್ಲುವ ಎರಡರಲ್ಲಿ, ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್‌ನಲ್ಲಿ, ಜಿಪುಣತನ ಬೇಡ. ಬಾಳಿಕೆಯ ಸಾಕೆಟ್ ಆರಿಸಿ. 2017ರಲ್ಲಿ ಎಎಂಡಿಯ ಎಎಂ4 ಬೋರ್ಡ್ ಕೊಂಡ ಹಲವರು ಬಯಾಸ್ ನವೀಕರಿಸಿಕೊಂಡು 2022ರ ಪ್ರೊಸೆಸರನ್ನು ಅದರಲ್ಲೇ ಕೂರಿಸಿದರು. ಎಸ್‌ಎಂಪಿಎಸ್‌ಗೆ 2004ರಲ್ಲಿ ಶುರುವಾದ 80 ಪ್ಲಸ್ ಗುರುತು ಇದೆಯೇ ನೋಡಿ. ಅದು ಕರೆಂಟು ಎಷ್ಟು ಪೋಲಾಗುತ್ತದೆ ಅನ್ನುವುದರ ಅಳತೆ ಮಾತ್ರ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಮುಂದಿನ ಸಲ ನಿಮ್ಮ ಕೈಗೆ ಆ ಚೀಟಿ ಬಂದಾಗ ಬರೀ ಕೆಳಗಿನ ಮೊತ್ತ ನೋಡಬೇಡಿ. ಯಾವ ಸಾಲನ್ನು ನಾಳೆ ಹೊಡೆದು ಬೇರೆ ಬರೆಯಬಹುದು, ಯಾವುದನ್ನು ಬರೆಯಲಾಗದು ಅಂತ ಒಮ್ಮೆ ನೋಡಿ. ಯಾರದೋ ಆತುರ, ಯಾರದೋ ಹಟ, ಯಾರದೋ ಜಗಳದಿಂದ ನಮಗೆ ದಕ್ಕಿದ ಸ್ವಾತಂತ್ರ್ಯ ಅದು. ಬಳಸುತ್ತಿದ್ದರೆ ಮಾತ್ರ ಉಳಿಯುತ್ತದೆ.