ನಾಲಿಗೆ, ಕಿಡಿ, ಮುಳ್ಳು, ಅಂಕಿ: ಬ್ಯಾಟರಿಯ ನಾಡಿ ಹಿಡಿದ ಕಥೆ

ಈ ವಾರದ ಕಥೆ ಶುರುವಾಗೋದು ತಿಪಟೂರಿನ ಒಂದು ಗ್ಯಾರೇಜಿನ ಮುಂದೆ. 2008ನೇ ಇಸವಿ, ನಾನಾಗ ಆರನೇ ಕ್ಲಾಸು. ನಮ್ಮ ಸೋದರಮಾವ ಕೊಬ್ಬರಿ ಮೂಟೆ ಸಾಗಿಸೋ ಲಗೇಜ್ ಟೆಂಪೊ ಓಡಿಸ್ತಿದ್ದರು. ಬ್ಯಾಟರಿ ಕೈಕೊಟ್ಟಿತ್ತು, ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದರು. ಬೆಳಿಗ್ಗೆ ಮೆಕ್ಯಾನಿಕ್ ಅದನ್ನ ಇಳಿಸಿ, "ಚಾರ್ಜ್ ಹಿಡಿದೈತಾ ನೋಡೋಣ ತಡಿ" ಅಂತ ಒಂದು ದಪ್ಪ ವೈರಿನ ಎರಡೂ ತುದಿಯನ್ನ ಪ್ಲಸ್ಸು ಮೈನಸ್ಸಿಗೆ ಸೋಕಿಸಿದರು. ಕಿಡಿ ಜೋರಾಗಿ ಬಂದ್ರೆ ಬ್ಯಾಟರಿ ಗಟ್ಟಿ ಅಂತ ಲೆಕ್ಕ. ಕಿಡಿ ಬಂತು. ಜೊತೆಗೆ ಪಟಾಕಿ ಸಿಡಿದ ಹಾಗೆ ಒಂದು ಸದ್ದು. ಬಗ್ಗಿ ನೋಡ್ತಿದ್ದ ಮಾವನ ಮುಖಕ್ಕೆ ಆಸಿಡ್ಡು.

ಪಕ್ಕದ ಟೀ ಅಂಗಡಿ ಡ್ರಮ್ಮಿನ ನೀರು ಸುರಿದೂ ಸುರಿದೂ ಎಡಗಣ್ಣು ಉಳೀತು. ಬಲಗಣ್ಣಲ್ಲಿ ಇವತ್ತಿಗೂ ಮಾವನಿಗೆ ಮಂಜು ಮುಸುಕಿದ ಹಾಗೇ ಕಾಣೋದು. ಟೆಂಪೊ ಮಾರಿದರು. ಅದಾದ ಮೇಲಿಂದ ನನಗೊಂದು ಪ್ರಶ್ನೆ ಬಿಟ್ಟೇ ಇಲ್ಲ: ಒಂದು ಡಬ್ಬದೊಳಗೆ ಕರೆಂಟ್ ಎಷ್ಟಿದೆ ಅಂತ ತಿಳಿಯೋಕೆ ಬೆಂಕಿ ಹಚ್ಚಿ ನೋಡಬೇಕಾ? ಓದಿದ್ದು ಬಿ.ಕಾಂ. ಹಾಗಾಗಿ ಈ ವಿಷಯದಲ್ಲಿ ನಾನೂ ನಿಮ್ಮ ಹಾಗೇ ಹೊರಗಿನವನು.

ಕರೆಂಟನ್ನು ಪರೀಕ್ಷೆ ಮಾಡಿದ ಮೊದಲ ಉಪಕರಣ ಮನುಷ್ಯನ ನಾಲಿಗೆ ಅಂದ್ರೆ ನಂಬ್ತೀರಾ? 1750ರ ದಶಕದಲ್ಲಿ ಬರ್ಲಿನ್‌ನಲ್ಲಿದ್ದ ಯೋಹಾನ್ ಗೇಯೋರ್ಗ್ ಜುಲ್ಟ್ಸರ್ ಅನ್ನೋ ವಿದ್ವಾಂಸ, ಸೀಸದ ತುಂಡು ಮತ್ತು ಬೆಳ್ಳಿ ತುಂಡು ಒಂದಕ್ಕೊಂದು ತಾಗುವಂತೆ ಹಿಡಿದು ನಾಲಿಗೆಗೆ ಮುಟ್ಟಿಸಿದ. ಬೇರೆ ಬೇರೆಯಾಗಿ ಮುಟ್ಟಿಸಿದಾಗ ಇಲ್ಲದ ವಿಚಿತ್ರ ರುಚಿ, ಒಟ್ಟಿಗೆ ಮುಟ್ಟಿಸಿದಾಗ ಬಂತು. ಯಾಕೆ ಅಂತ ಅವನಿಗೆ ಹೊಳೀಲಿಲ್ಲ. ಮುಂದೆ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಕೂಡ ಇಂಥ ಪ್ರಯೋಗ ಮಾಡಿದ. 1800ರಲ್ಲಿ ತನ್ನ ಬಿಲ್ಲೆಗಳ ಕಂಬದ ವಿಷಯ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಜಗತ್ತಿನ ಮೊದಲ ಬ್ಯಾಟರಿ ಅಂತ ನಾವು ಕರೆಯೋದು ಅದನ್ನೇ.

ನಿಮ್ಮ ಕಾರಲ್ಲಿರೋ ಬ್ಯಾಟರಿಯ ಮುತ್ತಾತ ಬಂದಿದ್ದು 1859ರಲ್ಲಿ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳ ನಡುವೆ ಬೇರೊಂದು ಪದರ ಇಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿದ. ಖಾಲಿಯಾದ್ರೆ ಮತ್ತೆ ತುಂಬಬಹುದಾದ ಬ್ಯಾಟರಿ! 1881ರಲ್ಲಿ ಕಮಿಲ್ ಫೋರ್, ಸೀಸದ ಆಕ್ಸೈಡನ್ನು ತಗಡಿಗೆ ಮೆತ್ತೋ ವಿಧಾನ ತಂದ ಮೇಲೆ ಅದು ಕಾರ್ಖಾನೆಯ ಸರಕಾಯಿತು. ಅದೇ 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನ, ವೋಲ್ಟಾನ ಹೆಸರಿನ 'ವೋಲ್ಟ್' ಅನ್ನೋ ಅಳತೆಯನ್ನ ಒಪ್ಪಿಕೊಂಡಿತು. ಸರಕೂ ತಯಾರು, ತೂಕದ ಕಲ್ಲೂ ತಯಾರು. ಕಾಮರ್ಸ್ ಓದಿದವನಿಗೆ ಇಂಥ ಕಾಕತಾಳೀಯ ತುಂಬಾ ಖುಷಿ ಕೊಡುತ್ತೆ, ಕ್ಷಮಿಸಿ.

ಮೊದಮೊದಲ ಕಾರುಗಳು ಸ್ಟಾರ್ಟ್ ಆಗ್ತಿದ್ದಿದ್ದು ಹ್ಯಾಂಡಲ್ ತಿರುಗಿಸಿದ್ರೆ. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮೂಳೆ ಮುರೀತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಲ್ಲಿ ಬಂತು. ಕೈ ಉಳೀತು, ಆದ್ರೆ ಭಾರವೆಲ್ಲ ಬ್ಯಾಟರಿ ಮೇಲೆ ಬಿತ್ತು. ಅಲ್ಲಿಂದ ಮುಂದೆ ಅದು ಕೆಲವೇ ಸೆಕೆಂಡುಗಳಲ್ಲಿ ನೂರಾರು ಆಂಪಿಯರ್ ಕೊಡಲೇಬೇಕು. ಕೊಡುತ್ತೋ ಇಲ್ಲವೋ ಅಂತ ಮೊದಲೇ ತಿಳಿಯೋದು ಎಲ್ಲ ಗ್ಯಾರೇಜುಗಳ ತಲೆನೋವಾಯಿತು.

ಒಂದು ದಾರಿ ಹೈಡ್ರೋಮೀಟರ್. ಆಸಿಡ್ ಹೀರಿಕೊಂಡ ಗಾಜಿನ ನಳಿಗೆಯಲ್ಲಿ ಒಂದು ತೇಲು. ಪೂರ್ತಿ ಚಾರ್ಜ್ ಇದ್ರೆ 1.26ರಿಂದ 1.28ರ ಹತ್ತಿರ ನಿಲ್ಲುತ್ತೆ. ಒಳ್ಳೇ ಉಪಕರಣ, ಆದ್ರೆ ಈಗಿನ ಸೀಲ್ ಆದ ಬ್ಯಾಟರಿಗೆ ಮುಚ್ಚಳವೇ ಇಲ್ಲ, ಹೀರೋದೆಲ್ಲಿಂದ?

ಇನ್ನೊಂದು ದಾರಿ ಮುಳ್ಳಿನ ಮೀಟರ್. ಇಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಬ್ರಿಟಿಷ್ ಪೋಸ್ಟ್ ಆಫೀಸಿನ ಎಂಜಿನಿಯರ್ ಡೊನಾಲ್ಡ್ ಮೆಕಾಡಿ. ಟೆಲಿಫೋನ್ ಲೈನ್ ರಿಪೇರಿಗೆ ಹೋಗುವಾಗ ಆಂಪಿಯರಿಗೊಂದು, ವೋಲ್ಟಿಗೊಂದು, ಓಮಿಗೊಂದು ಅಂತ ಬೇರೆ ಬೇರೆ ಡಬ್ಬ ಹೊತ್ತೂ ಹೊತ್ತೂ ಬೇಜಾರಾಗಿ, ಮೂರನ್ನೂ ಒಂದೇ ಪೆಟ್ಟಿಗೆಗೆ ಸೇರಿಸಿದ. 1923ರಲ್ಲಿ ಅದು ಮಾರುಕಟ್ಟೆಗೆ ಬಂತು, ಮೂರು ಅಳತೆಗಳ ಮೊದಲಕ್ಷರ ಸೇರಿಸಿ 'ಏವೋ' ಮೀಟರ್ ಅಂತ ಹೆಸರು. ಹೊರೆ ತಾಳಲಾರದೆ ಹುಟ್ಟಿದ ಆ ಪೆಟ್ಟಿಗೆಯೂ ಏನು ಹಗುರ ಇರಲಿಲ್ಲ ಬಿಡಿ. 1970ರ ದಶಕದ ಚಿಪ್ಪುಗಳು ಬಂದ ಮೇಲೆ ಮುಳ್ಳಿನ ಜಾಗಕ್ಕೆ ಅಂಕಿ ಬಂತು, ಮೀಟರ್ ಅಂಗೈಗಿಳೀತು. ಇವತ್ತು ಬೆಂಗಳೂರಿನ ಎಸ್.ಪಿ. ರೋಡಲ್ಲಿ ಕೆಲವೇ ನೂರು ರೂಪಾಯಿಗೆ ಹಳದಿ ಬಣ್ಣದ್ದು ಸಿಗುತ್ತೆ.

ಈಗ ಮಾವನ ಕಣ್ಣಿಗೆ ವಾಪಸ್ ಬರೋಣ. ಚಾರ್ಜ್ ಆಗುವಾಗ ಬ್ಯಾಟರಿಯೊಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಹೊರಗೆ ಬರುತ್ತೆ. ಗಾಳಿಯಲ್ಲಿ ಹೈಡ್ರೋಜನ್ ಶೇ. 4ರಷ್ಟಿದ್ರೆ ಸಾಕು, ಕಿಡಿ ತಾಗಿದ್ರೆ ಹೊತ್ತಿಕೊಳ್ಳುತ್ತೆ. ರಾತ್ರಿಯಿಡೀ ಚಾರ್ಜ್ ಆದ ಬ್ಯಾಟರಿಯ ಪಕ್ಕದಲ್ಲೇ ಕಿಡಿ ಹಾರಿಸಿದ್ರೆ ಇನ್ನೇನಾಗುತ್ತೆ? ವೋಲ್ಟ್‌ಮೀಟರ್ ಹೀಗೆ ಮಾಡಲ್ಲ. ಅದರೊಳಗಿನ ತಡೆ ಎಷ್ಟು ಜಾಸ್ತಿ ಅಂದ್ರೆ, 10 ಲಕ್ಷ ಓಮ್ ಇರೋ ಮೀಟರ್ ಕಾರ್ ಬ್ಯಾಟರಿಯಿಂದ ಎಳೆಯೋದು ಒಂದು ಆಂಪಿಯರಿನ ಲಕ್ಷದಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು, ಅಷ್ಟೇ.

ಆದ್ರೆ ಒಂದು ಅಪಾಯ ಇದೆ. ಕೆಂಪು ವೈರನ್ನ ತಪ್ಪಿ '10 ಎ' ಅಂತ ಬರೆದ ತೂತಿಗೆ ಸಿಕ್ಕಿಸಿದ್ರೋ, ಮೀಟರ್ ಹೆಚ್ಚುಕಮ್ಮಿ ಆ ಮೆಕ್ಯಾನಿಕ್ ಕೈಲಿದ್ದ ದಪ್ಪ ವೈರೇ ಆಗಿಬಿಡುತ್ತೆ. ಹಾಗಾಗಿ ಕಪ್ಪು 'ಕಾಮ್'ಗೆ, ಕೆಂಪು 'ವಿ' ಗುರುತಿಗೆ, ತಿರುಗಣೆ ಡಿ.ಸಿ. 20ಕ್ಕೆ. ಕನ್ನಡಕ ಹಾಕಿ, ಉಂಗುರ, ಲೋಹದ ವಾಚು ಬಿಚ್ಚಿಡಿ. ಚಾರ್ಜರ್ ಈಗಷ್ಟೇ ತೆಗೆದಿದ್ರೆ ಗಾಳಿ ಆಡೋಕೆ ಬಿಡಿ, ಬಗ್ಗಿ ನೋಡಬೇಡಿ. ಆಸಿಡ್ ಕಣ್ಣಿಗೆ ಹಾರಿದ್ರೆ ಕನಿಷ್ಠ 15 ನಿಮಿಷ ನೀರು ಬಿಡ್ತಾನೇ ಇರಿ, ಆಮೇಲೆ ಸೀದಾ ಆಸ್ಪತ್ರೆಗೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ತಂಟೆಗಂತೂ ಹೋಗಲೇಬೇಡಿ, ಅಲ್ಲಿರೋದು ನೂರಾರು ವೋಲ್ಟ್.

ಗಾಡಿ ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ಅಳೆದ್ರೆ ಸುಮಾರು 12.6 ಅಂದ್ರೆ ತುಂಬಿದೆ, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಬಹುತೇಕ ಖಾಲಿ. ಇಷ್ಟಕ್ಕೇ ನಿಲ್ಲಿಸಬೇಡಿ. ಪಾಸ್‌ಬುಕ್ಕಿನಲ್ಲಿ ಬ್ಯಾಲೆನ್ಸ್ ಇದ್ದು, ಚೆಕ್ ಬೌನ್ಸ್ ಆಗೋ ಪಾರ್ಟಿಗಳಿರ್ತಾರಲ್ಲ? ಬ್ಯಾಟರಿಗಳಲ್ಲೂ ಇವೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಯಾರಾದ್ರೂ ಸೆಲ್ಫ್ ಹೊಡೀಲಿ, ನೀವು ಅಂಕಿ ನೋಡಿ. 9.6ಕ್ಕಿಂತ ಕೆಳಗೆ ಕುಸಿದ್ರೆ ಅನುಮಾನ ಪಡಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು, ಇಲ್ಲದಿದ್ರೆ ಬ್ಯಾಟರಿ ಬದಲಿಸೋ ಮೊದಲು ಆಲ್ಟರ್ನೇಟರ್ ತೋರಿಸಿ.

ಹೋದ ತಿಂಗಳು ಮಾವನಿಗೆ ಒಂದು ಹಳದಿ ಮೀಟರ್ ತಗೊಂಡು ಹೋಗಿದ್ದೆ. ಅವರ ಹಳೇ ಸ್ಕೂಟರಿನ ಸೀಟು ಎತ್ತಿ, ದೂರದಿಂದಲೇ ಕೈ ಚಾಚಿ ಕಡ್ಡಿ ಮುಟ್ಟಿಸಿದರು. ಎಡಗಣ್ಣನ್ನು ಅಂಕಿಯ ಹತ್ತಿರ ತಂದು, "ಹನ್ನೆರಡೂವರೆ ಐತೆ ಕಣೋ" ಅಂದರು. ಆಮೇಲೆ ಬೆಲೆ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಮೀಟರನ್ನೇ ತಿರುಗಿಸಿ ನೋಡ್ತಾ ಕೂತಿದ್ದರು.