ಅವಳಿ ಶಿಶುಗಳ ಹಾಲು ಕಕ್ಕುವಿಕೆ: ನಿದ್ದೆಗೆಟ್ಟ ಹೆತ್ತವರಿಗೊಂದು ಕೈಪಿಡಿ

ಅವಳಿ ಮಕ್ಕಳು ಹುಟ್ಟಿದ ಮನೆಯಲ್ಲಿ ಮೊದಲ ಕೆಲವು ತಿಂಗಳು ಹಗಲು ರಾತ್ರಿಗಳ ಭೇದ ಅಳಿಸಿಹೋಗುತ್ತದೆ. ಒಂದು ಕೂಸು ಹಾಲು ಕುಡಿದು, ಕಕ್ಕಿ, ಅತ್ತು ಮಲಗುವ ಹೊತ್ತಿಗೆ ಇನ್ನೊಂದು ಎದ್ದಿರುತ್ತದೆ. ಕುಡಿದದ್ದೆಲ್ಲ ಹೊರಗೆ ಬಂದಂತೆ ಕಾಣುವುದರಿಂದ ತಾಯಿಗೆ ತನ್ನ ಹಾಲು ಸಾಲದೇನೋ ಎಂಬ ಅಳುಕು. ಹಿರಿಯರಿಗೆ ದೃಷ್ಟಿ ತಾಗಿತೇನೋ ಎಂಬ ಶಂಕೆ. ತಂದೆಗೆ ಔಷಧಿ ಅಂಗಡಿಯ ದಾರಿ.

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು. ಇಲ್ಲಿನ ಕುಟುಂಬಗಳಿಗೆ ಈ ಅಳುಕಿನ ಜೊತೆಗೆ ದೂರದ ಚಿಂತೆಯೂ ಸೇರಿಕೊಂಡಿದೆ. ವೈದ್ಯಕೀಯ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಿರುವುದು ನೆರೆಯ ಜಿಲ್ಲೆಗಳಲ್ಲಿ. ದುಡಿಮೆಗೆಂದು ಬೆಂಗಳೂರು ಸೇರಿದ ಎಷ್ಟೋ ಕುಟುಂಬಗಳಲ್ಲಿ ಬಾಣಂತಿ ಊರಿನ ತವರಿನಲ್ಲಿ, ತಂದೆ ನಗರದಲ್ಲಿ. ಆದ್ದರಿಂದ ಯಾವುದಕ್ಕೆ ಹೆದರಬೇಕಿಲ್ಲ, ಯಾವುದಕ್ಕೆ ನಡುರಾತ್ರಿಯಲ್ಲೇ ಹೊರಡಬೇಕು ಎಂಬುದನ್ನು ಮೊದಲೇ ತಿಳಿದಿರುವುದು ಒಳಿತು.

ಕಕ್ಕುವುದು ಏಕೆ?

ಅನ್ನನಾಳವು ಜಠರವನ್ನು ಸೇರುವಲ್ಲಿ ಬಿಗಿಯುವ ಸ್ನಾಯುವೊಂದಿದೆ. ಆಹಾರ ಕೆಳಗಿಳಿದ ಮೇಲೆ ಅದು ಮುಚ್ಚಿಕೊಂಡು, ಇಳಿದದ್ದು ಮರಳಿ ಬಾರದಂತೆ ತಡೆಯುತ್ತದೆ. ಎಳೆಯ ಶಿಶುಗಳಲ್ಲಿ ಈ ಸ್ನಾಯು ಆಗಾಗ ಸಡಿಲಗೊಳ್ಳುತ್ತದೆ. ಆಹಾರವೆಲ್ಲ ದ್ರವ, ಕೂಸು ಮಲಗಿರುವುದೇ ಹೆಚ್ಚು. ಹೀಗಾಗಿ ಹಾಲು ಸುಲಭವಾಗಿ ಮೇಲಕ್ಕೆ ಬರುತ್ತದೆ. ವೈದ್ಯರು ಇದನ್ನು ರಿಫ್ಲಕ್ಸ್ ಎನ್ನುತ್ತಾರೆ.

ಮೊದಲ ಮೂರು ತಿಂಗಳಲ್ಲಿ ಸುಮಾರು ಅರ್ಧದಷ್ಟು ಶಿಶುಗಳು ದಿನಕ್ಕೊಮ್ಮೆಯಾದರೂ ಹಾಲು ಕಕ್ಕುತ್ತವೆ. ನಾಲ್ಕನೇ ತಿಂಗಳ ಹೊತ್ತಿಗೆ ಇದು ಅತಿ ಹೆಚ್ಚಾಗಿ, ಕೂಸು ಎದ್ದು ಕೂರತೊಡಗಿದ ಮೇಲೆ ಇಳಿಮುಖವಾಗುತ್ತದೆ. 12ರಿಂದ 18 ತಿಂಗಳೊಳಗೆ ಬಹುತೇಕ ಮಕ್ಕಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಅವಳಿಗಳಲ್ಲಿ ಅವಧಿಗೆ ಮುನ್ನ ಹುಟ್ಟುವವರೂ ಕಡಿಮೆ ತೂಕದವರೂ ಹೆಚ್ಚಾದ್ದರಿಂದ ಕಕ್ಕುವಿಕೆಯೂ ಹೆಚ್ಚಾಗಿ ಕಾಣಬಹುದು. ಒಂದು ಕೂಸು ಕಕ್ಕಿ ಇನ್ನೊಂದು ಕಕ್ಕದಿರುವುದೂ ಸಾಮಾನ್ಯವೇ.

ತಕ್ಕಡಿಯೇ ಸಾಕ್ಷಿ

ಬಟ್ಟೆ ಎಷ್ಟು ಒದ್ದೆಯಾಯಿತು ಎಂಬುದು ಅಳತೆಯಲ್ಲ. ಒಂದು ಚಮಚ ಹಾಲು ಚೆಲ್ಲಿದರೂ ಬಟ್ಟೆಯ ಮೇಲೆ ದೊಡ್ಡ ಕಲೆಯಾಗುತ್ತದೆ. ನೋಡಬೇಕಾದದ್ದು ಎರಡು: ತೂಕ ಮತ್ತು ಮೂತ್ರ. ಹುಟ್ಟಿದ ಮೊದಲ ದಿನಗಳಲ್ಲಿ ಇಳಿದ ತೂಕವು ಸಾಮಾನ್ಯವಾಗಿ ಎರಡು ವಾರದೊಳಗೆ ಮರಳಿ ಬರುತ್ತದೆ. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರ ಹೋಗಬೇಕು. ಇವೆರಡೂ ಸರಿಯಿದ್ದು, ಕಕ್ಕಿದ ಮೇಲೂ ಕೂಸು ಗೆಲುವಾಗಿದ್ದರೆ ಅದು ರೋಗವಲ್ಲ. ಬಟ್ಟೆ ಒಗೆಯುವ ಕೆಲಸವಷ್ಟೇ ಹೆಚ್ಚು.

ಅವಳಿಗಳ ಮನೆಯಲ್ಲಿ ಯಾರು ಕುಡಿದರು, ಯಾರು ಕಕ್ಕಿದರು ಎಂಬುದು ನಿದ್ದೆಗಣ್ಣಿನಲ್ಲಿ ಮರೆತುಹೋಗುತ್ತದೆ. ಗೋಡೆಗೊಂದು ನೋಟ್‌ಬುಕ್ ತೂಗುಹಾಕಿ, ಇಬ್ಬರಿಗೂ ಬೇರೆ ಬೇರೆ ಪುಟದಲ್ಲಿ ಗುರುತು ಮಾಡಿಕೊಳ್ಳಬೇಕು. ತೂಕವನ್ನು ತಾಯಿ ಕಾರ್ಡಿನಲ್ಲಿ ಪ್ರತ್ಯೇಕವಾಗಿ ಬರೆಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನಗಳಂದು ಆಶಾ ಕಾರ್ಯಕರ್ತೆ ಮನೆಗೆ ಬಂದು ಶಿಶುವನ್ನು ನೋಡುವ ವ್ಯವಸ್ಥೆ 2011ರಿಂದ ಇದೆ. ಆಕೆಯೆದುರು ಎರಡೂ ಕೂಸುಗಳನ್ನು ತೂಗಿಸಬೇಕು.

ಹಾಲೂಡಿಸುವ ಕ್ರಮ

ಒಮ್ಮೆಗೇ ಹೆಚ್ಚು ಕುಡಿಸುವ ಬದಲು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕುಡಿಸುವುದು ಲೇಸು. ನಡುವೆ ಒಮ್ಮೆ, ಕೊನೆಯಲ್ಲಿ ಒಮ್ಮೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗಿಸಬೇಕು. ಆನಂತರ 20ರಿಂದ 30 ನಿಮಿಷ ನೆಟ್ಟಗೆ ಎತ್ತಿಕೊಂಡಿರಬೇಕು. ಹೆಗಲ ಮೇಲೆ ಕೂಸನ್ನು ತಟ್ಟುವ ಅಜ್ಜಿಯರ ರೂಢಿಯನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ.

ಇಬ್ಬರಿಗೆ ಹಾಲು ಸಾಲುತ್ತದೆಯೇ ಎಂಬ ಸಂಶಯ ಸಹಜ. ಮಕ್ಕಳು ಹೀರಿದಷ್ಟೂ ಹಾಲು ಹೆಚ್ಚುತ್ತದೆ. ಹೆಚ್ಚಿನ ತಾಯಂದಿರು ಇಬ್ಬರಿಗೂ ಊಡಿಸಬಲ್ಲರು. ಎರಡೂ ಕಂಕುಳ ಅಡಿಯಲ್ಲಿ ದಿಂಬಿನ ಆಸರೆ ಕೊಟ್ಟು, ಮಕ್ಕಳ ಕಾಲು ಹಿಂದಕ್ಕೆ ಬರುವಂತೆ ಹಿಡಿದರೆ ಏಕಕಾಲಕ್ಕೆ ಇಬ್ಬರಿಗೂ ಕುಡಿಸಬಹುದು. ಹಿಂಡಿ ತೆಗೆದ ಹಾಲನ್ನು ಕುದಿಸಿ ಶುದ್ಧಗೊಳಿಸಿದ ಒಳಲೆಯಲ್ಲಿ ಕೊಡಬಹುದು. ನೀರು ಬೆರೆಸಿದ ಹಸುವಿನ ಅಥವಾ ಎಮ್ಮೆಯ ಹಾಲು ಆರು ತಿಂಗಳೊಳಗಿನ ಕೂಸಿಗೆ ಸಲ್ಲದು. ಕಕ್ಕುವುದು ನಿಲ್ಲಲೆಂದು ಹಾಲಿಗೆ ಅಕ್ಕಿಹಿಟ್ಟು, ರಾಗಿಸರಿ ಬೆರೆಸುವುದೂ ವೈದ್ಯರ ಮಾತಿಲ್ಲದೆ ತರವಲ್ಲ.

ಮಲಗಿಸುವ ಕ್ರಮ

ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಶ್ವಾಸನಾಳಕ್ಕೆ ಇಳಿದೀತೆಂದು ಹೆದರಿ ಅನೇಕರು ಕೂಸನ್ನು ಬೋರಲಾಗಿ ಮಲಗಿಸುತ್ತಾರೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ಅಂಗಾತ ಮಲಗಿದಾಗ ಶ್ವಾಸನಾಳವು ಅನ್ನನಾಳದ ಮೇಲ್ಭಾಗದಲ್ಲಿರುತ್ತದೆ. ಮರಳಿ ಬಂದ ಹಾಲು ಅಲ್ಲಿಗೆ ಏರುವುದು ಕಷ್ಟ. ಬೋರಲು ಮಲಗಿದ ಶಿಶುಗಳಲ್ಲಿ ನಿದ್ದೆಯಲ್ಲೇ ಹಠಾತ್ತನೆ ಸಾವು ಸಂಭವಿಸುವ ಅಪಾಯ ಹೆಚ್ಚು. ಆದುದರಿಂದ ಕಕ್ಕುವ ಕೂಸನ್ನೂ ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತವೇ ಮಲಗಿಸಬೇಕು. ತಲೆಯ ಕಡೆ ದಿಂಬಿಟ್ಟು ಎತ್ತರಿಸುವುದರಿಂದ ಪ್ರಯೋಜನವಿಲ್ಲ.

ಸೀರೆಯ ಜೋಲಿಯಲ್ಲಿ ಕೂಸಿನ ಕುತ್ತಿಗೆ ಬಾಗಿ ಉಸಿರಿಗೆ ಅಡ್ಡಿಯಾಗಬಹುದು. ಆಗತಾನೇ ಕುಡಿದ ಕೂಸನ್ನು ಅದರಲ್ಲಿ ಹಾಕಬಾರದು. ಇಬ್ಬರನ್ನೂ ಒಂದೇ ಜೋಲಿಯಲ್ಲಿ ಹಾಕುವುದಂತೂ ಕೂಡದು. ಇಬ್ಬರಿಗೂ ತಾಯಿಯಿರುವ ಕೋಣೆಯಲ್ಲೇ ಬೇರೆ ಬೇರೆ ಹಾಸಿಗೆ ಇರಲಿ.

ರೂಢಿ ಮತ್ತು ಔಷಧಿ

ಎಣ್ಣೆ ಹಚ್ಚಿ ಎರೆಯುವುದನ್ನು ಹಾಲು ಕುಡಿಸುವ ಮೊದಲೇ ಮುಗಿಸಬೇಕು; ಹೊಟ್ಟೆ ತುಂಬಿದ ಕೂಸನ್ನು ಕಾಲ ಮೇಲೆ ಬೋರಲು ಹಾಕಿ ತಿಕ್ಕಿದರೆ ಕಕ್ಕುವುದು ನಿಶ್ಚಿತ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಬಾರದು. ಅಗ್ಗಿಷ್ಟಿಕೆ ಮತ್ತು ಲೋಬಾನದ ಹೊಗೆ ಎಳೆಯ ಶ್ವಾಸಕೋಶಕ್ಕೆ ಕೇಡು. ಬಜೆ ತೇಯ್ದು ನೆಕ್ಕಿಸುವ ರೂಢಿಯನ್ನೂ ಬಿಡಬೇಕು, ಬಜೆಯಿಂದಲೇ ವಾಂತಿಯಾಗಬಹುದು. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ.

ಆಮ್ಲ ತಗ್ಗಿಸುವ ಔಷಧಿಗಳು ಕಕ್ಕುವುದನ್ನು ನಿಲ್ಲಿಸುವುದಿಲ್ಲ. ಬರುವ ಹಾಲಿನ ಹುಳಿಯನ್ನಷ್ಟೇ ಕಡಿಮೆ ಮಾಡುತ್ತವೆ. ಗೆಲುವಾಗಿ ಬೆಳೆಯುತ್ತಿರುವ ಕೂಸಿಗೆ ಅವು ಅನಗತ್ಯ. ಹೊಟ್ಟೆ ಮತ್ತು ಶ್ವಾಸಕೋಶದ ಸೋಂಕಿಗೆ ದಾರಿಯಾಗಬಹುದು. ಒಂದು ಕಾಲಕ್ಕೆ ಬಹುವಾಗಿ ಬಳಕೆಯಲ್ಲಿದ್ದ ರಾನಿಟಿಡಿನ್ 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. 2022ರಲ್ಲಿ ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಕೈಬಿಟ್ಟಿತು. ತೂಕ ಏರದೆ, ಹಾಲೊಲ್ಲದೆ ನರಳುವ ಕೂಸಿಗೆ ವೈದ್ಯರು ಪರೀಕ್ಷಿಸಿ ಔಷಧಿ ಕೊಡುವುದು ಬೇರೆ ಮಾತು. ಒಂದು ಕೂಸಿಗೆ ಬರೆದುಕೊಟ್ಟದ್ದನ್ನು ಇನ್ನೊಂದಕ್ಕೆ ಹಾಕಬಾರದು.

ರಾತ್ರಿಯ ಲೆಕ್ಕ

ಎಳೆಯ ಕೂಸು ದಿನಕ್ಕೆ ಎಂಟು ಸಲವಾದರೂ ಹಾಲು ಕುಡಿಯುತ್ತದೆ. ಕುಡಿಸಲು 25 ನಿಮಿಷ, ಎತ್ತಿಕೊಂಡಿರಲು 25 ನಿಮಿಷ ಎಂದಿಟ್ಟುಕೊಂಡರೆ, ಇಬ್ಬರಿಗೂ ಬೇರೆ ಬೇರೆಯಾಗಿ 16 ಸಲಕ್ಕೆ 13 ತಾಸು ದಾಟುತ್ತದೆ. ಒಬ್ಬ ಮನುಷ್ಯಳಿಂದ ಆಗುವ ಕೆಲಸ ಇದಲ್ಲ. ಒಬ್ಬರು ಎದ್ದಾಗ ಇನ್ನೊಬ್ಬರನ್ನೂ ಎಬ್ಬಿಸಿ ಒಟ್ಟಿಗೆ ಕುಡಿಸಿದರೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ಕುಡಿಸಿದ ಮೇಲಿನ ಕೆಲಸ, ಅಂದರೆ ತೇಗಿಸುವುದು, ಎತ್ತಿಕೊಂಡಿರುವುದು, ಬಟ್ಟೆ ಬದಲಿಸುವುದು, ಬೇರೆಯವರ ಪಾಲಿಗೆ ಬಂದರೆ ತಾಯಿ ಒಡನೆ ಮಲಗಬಹುದು.

ಇದಕ್ಕೆ ಸರದಿ ಬೇಕು. ರಾತ್ರಿ ಒಂಬತ್ತರಿಂದ ಎರಡರವರೆಗೆ ಒಬ್ಬರು, ಎರಡರಿಂದ ಏಳರವರೆಗೆ ಇನ್ನೊಬ್ಬರು ತಾಯಿಯ ಜೊತೆಗಿರಲಿ. ಹಿಂಡಿಟ್ಟ ಹಾಲಿನಿಂದ ನಡುವಿನ ಒಂದು ಊಟ ಕಳೆದರೆ ಆಕೆಗೂ ನಾಲ್ಕು ತಾಸಿನ ನಿರಂತರ ನಿದ್ದೆ ದೊರೆಯುತ್ತದೆ. ತವರಿನಲ್ಲಿ ಈ ಭಾರ ಅಜ್ಜಿಯ ಮೇಲೊಂದೇ ಬೀಳುವುದುಂಟು. ವಾರಕ್ಕೊಮ್ಮೆ ಬಂದು ಮಕ್ಕಳನ್ನು ನೋಡಿ ಹೋಗುವ ತಂದೆಯು ಆ ಎರಡು ರಾತ್ರಿಗಳ ಪಾಳಿಯನ್ನಾದರೂ ವಹಿಸಿಕೊಳ್ಳಬೇಕು. ರಜೆಯಿದ್ದರೆ ಅದನ್ನು ತೊಟ್ಟಿಲ ಸಮಾರಂಭಕ್ಕೆ ಕೂಡಿಡದೆ ಮೊದಲ ಎರಡು ತಿಂಗಳಿಗೆ ಮೀಸಲಿಡಬೇಕು. ಶಿಶುಗಳ ಅಳು ಅತಿ ಹೆಚ್ಚಿರುವುದು ಆಗಲೇ.

ನಿದ್ದೆಯಿಲ್ಲದ ಸಿಟ್ಟಿನಲ್ಲಿ ಕೂಸನ್ನು ಹಿಡಿದು ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗಿ ಪ್ರಾಣಕ್ಕೇ ಮುಳುವಾದೀತು. ತಾಳ್ಮೆ ಮೀರಿದಾಗ ಕೂಸನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ನಿಲ್ಲುವುದು ತಪ್ಪಲ್ಲ. ಎರಡು ವಾರ ಮೀರಿ ತಾಯಿಯಲ್ಲಿ ಅಳು, ನಿರಾಸೆ, ಮಕ್ಕಳು ಮಲಗಿದರೂ ನಿದ್ದೆ ಬಾರದಿರುವುದು ಕಂಡರೆ ಅದಕ್ಕೆ ಚಿಕಿತ್ಸೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ ಲಭ್ಯ. ಸಾಯುವ ಮಾತು, ಮಕ್ಕಳಿಗೆ ಹಾನಿ ಮಾಡುವ ಮಾತು ಬಂದರೆ ತಾಯಿಯನ್ನು ಒಂಟಿಯಾಗಿ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೆಳಗಾಗುವುದನ್ನು ಕಾಯಬಾರದ ಗುರುತುಗಳು

* ವಾಂತಿ ಹಸಿರು ಬಣ್ಣದ್ದಾಗಿದ್ದರೆ ಕರುಳು ತಿರುಚಿಕೊಂಡಿರಬಹುದು. ತಾಸುಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.
* ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ.
* ಎರಡರಿಂದ ಎಂಟು ವಾರದ ಕೂಸು ಪ್ರತಿಸಲವೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ಮತ್ತೆ ಹಸಿವಿನಿಂದ ಹಾತೊರೆಯುವುದು. ಜಠರದ ಕೆಳಬಾಯಿ ದಪ್ಪಗಟ್ಟಿರಬಹುದು. ಒಂದು ಕೂಸಿಗೆ ಇದು ಬಂದರೆ ಇನ್ನೊಂದನ್ನೂ ಗಮನಿಸಬೇಕು.
* ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ಜ್ವರ, ನೆತ್ತಿ ಉಬ್ಬುವುದು, ಜೋಮು ಹಿಡಿದಂತೆ ಮಲಗಿಯೇ ಇರುವುದು.
* ಉಸಿರು ನಿಂತು ನಿಂತು ಬರುವುದು, ಮೈ ನೀಲಿಗಟ್ಟುವುದು.
* ಹಾಲನ್ನೇ ಒಲ್ಲದಿರುವುದು, ಆರೆಂಟು ತಾಸು ಮೂತ್ರವಿಲ್ಲದಿರುವುದು.

ತೂಕ ಏರದಿರುವುದು, ಆರು ತಿಂಗಳ ನಂತರ ಹೊಸದಾಗಿ ಕಕ್ಕತೊಡಗುವುದು, ವರ್ಷ ದಾಟಿದರೂ ನಿಲ್ಲದಿರುವುದು ಇವುಗಳನ್ನು ಒಂದೆರಡು ದಿನಗಳಲ್ಲಿ ಮಕ್ಕಳ ತಜ್ಞರಿಗೆ ತೋರಿಸಬೇಕು.

ಎಲ್ಲಿಗೆ ಹೋಗುವುದು?

ಮೊದಲು 108ಕ್ಕೆ ಕರೆ, ಸಮೀಪದ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಥಮ ಆರೈಕೆ. ಶಸ್ತ್ರಚಿಕಿತ್ಸೆಯಂತಹ ಅಗತ್ಯ ಬಿದ್ದರೆ ಹರಪನಹಳ್ಳಿ, ಕೊಟ್ಟೂರಿನವರಿಗೆ ದಾವಣಗೆರೆ, ಕೂಡ್ಲಿಗಿಯವರಿಗೆ ಬಳ್ಳಾರಿ, ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆಯ ಮೂಲಕ ಬಳ್ಳಾರಿ ಅಥವಾ ಕೊಪ್ಪಳ, ಹಡಗಲಿಯವರಿಗೆ ತುಂಗಭದ್ರೆಯಾಚೆಯ ಗದಗ ಮತ್ತು ಹುಬ್ಬಳ್ಳಿಯ ದಾರಿಗಳಿವೆ. ಎಲ್ಲಿ ಯಾವ ತಜ್ಞರಿದ್ದಾರೆಂಬುದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಗೆ ಮುನ್ನವೇ ಕೇಳಿ ಬರೆದಿಟ್ಟುಕೊಳ್ಳಬೇಕು. ಒಂದು ಕೂಸನ್ನು ಆಸ್ಪತ್ರೆಗೆ ಒಯ್ದಾಗ ಇನ್ನೊಂದರ ಬಳಿ ಯಾರಿರಬೇಕು ಎಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಬೇಕು. 2011ರಲ್ಲಿ ಜಾರಿಯಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ವರ್ಷದೊಳಗಿನ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ ಮತ್ತು ಸಾಗಣೆ ಉಚಿತ. ಗುಳೆ ಹೋಗುವ ಕುಟುಂಬಗಳು ತಾಯಿ ಕಾರ್ಡನ್ನು ಜೊತೆಗೊಯ್ಯಬೇಕು.

ಈ ಗುರುತುಗಳಾವುವೂ ಇಲ್ಲದ ಮನೆಯಲ್ಲಿ ಬೇಕಾದದ್ದು ಹೆಗಲ ಮೇಲೊಂದು ಒಗೆದ ಬಟ್ಟೆ, ಗೋಡೆಯ ಮೇಲೊಂದು ನೋಟ್‌ಬುಕ್, ರಾತ್ರಿ ಎರಡಕ್ಕೆ ತಾನಾಗಿ ಏಳುವ ಇನ್ನೊಬ್ಬರು. ಮಕ್ಕಳು ಎದ್ದು ಕೂರುವ ಕಾಲಕ್ಕೆ ಹಾಲು ಕಕ್ಕುವುದು ತಗ್ಗುತ್ತದೆ. ಅಲ್ಲಿಯವರೆಗೆ ತಾಯಿಯ ನಿದ್ದೆಯನ್ನು ಕಾಯುವುದು ಮನೆಮಂದಿಯ ಹೊಣೆ.